ಮಿಸ್ಸಿಂಗ್ ಹೊಡೆಯುವ ಕಾರಿಗೆ ಯಾವ ಪ್ಲಗ್, ಯಾವ ವೈರ್, ಯಾವ ಕಾಯಿಲ್?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕರದು ಒಂದೇ ಸಂಕಟ. ಪ್ರೀತಿಯಿಂದ ಇಟ್ಟುಕೊಂಡ ಸ್ಪೋರ್ಟ್ಸ್ ಕಾರು, ಮಿಸ್ಸಿಂಗ್ (ನಡುನಡುವೆ ಕಿಡಿ ತಪ್ಪಿ ಎಂಜಿನ್ ತಡವರಿಸುವುದು), ಹೊಸ ಪಾರ್ಟ್ ಹಾಕಿದರೂ ವಾಸಿಯಾಗದ ಕಾಯಿಲೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇವಕ್ಕೆ ಮಾತ್ರ ಉತ್ತರಿಸುತ್ತೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ. ಉಳಿದ ಮೂವರೂ ಅದನ್ನು ಓದಿಕೊಂಡೇ ತಮ್ಮ ಉತ್ತರಕ್ಕೆ ಬರಬೇಕು. ಹೊಸಬರಿಗೆ ಒಂದು ಮಾತು: ಕಾಯಿಲ್ ವೋಲ್ಟೇಜ್ ಏರಿಸುತ್ತದೆ, ವೈರ್ ಅದನ್ನು ಒಯ್ಯುತ್ತದೆ, ಪ್ಲಗ್ ಸಿಲಿಂಡರಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುತ್ತದೆ.

ಪ್ರಶ್ನೆ: ಮೇಡಂ, ನನ್ನದು 1992ರ ಮಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್. ನಿಂತಲ್ಲಿ ಐಡ್ಲಿಂಗ್ ಚೆನ್ನಾಗಿದೆ. ಏರಿನಲ್ಲಿ ನಾಲ್ಕನೇ ಗೇರಿನಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದರೆ ಜರ್ಕ್ ಹೊಡೆಯುತ್ತದೆ. ಮಳೆ ಬಂದ ದಿನ ಇನ್ನೂ ಜಾಸ್ತಿ. ಎರಡು ತಿಂಗಳ ಹಿಂದೆ ಇರಿಡಿಯಂ ಪ್ಲಗ್ ಹಾಕಿಸಿದೆ. ಹದಿನೈದು ದಿನ ಸರಿಯಿತ್ತು, ಆಮೇಲೆ ಮತ್ತದೇ ಕಥೆ. ಈಗ ಹೆಚ್ಚು ವೋಲ್ಟೇಜಿನ ಪರ್ಫಾರ್ಮೆನ್ಸ್ ಕಾಯಿಲ್, ಜೊತೆಗೆ 10 ಮಿಲಿಮೀಟರ್ ದಪ್ಪದ ವೈರ್ ಹಾಕಿಸಿ ಎನ್ನುತ್ತಿದ್ದಾರೆ. ಯಾವುದು ತರಲಿ?

ಉತ್ತರ: ಕಾಯಿಲ್ ಸದ್ಯಕ್ಕೆ ಬೇಡ. ಪ್ಲಗ್ ವೈರ್ ಸೆಟ್ ತನ್ನಿ, ಜೊತೆಗೆ ಕಾರಿನ ಪುಸ್ತಕದಲ್ಲಿ ಬರೆದಿರುವ ಸಾದಾ ಪ್ಲಗ್ ನಾಲ್ಕು ತನ್ನಿ. ಎರಡನ್ನೂ ಒಂದೇ ದಿನ ಹಾಕಿ. ಆದರೆ ಅದಕ್ಕೂ ಮೊದಲು ಒಂದು ರಾತ್ರಿ ಬಾನೆಟ್ ತೆಗೆದು ನೋಡಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲೇ ರೋಗದ ಹೆಸರಿದೆ. ಐಡ್ಲಿಂಗ್‌ನಲ್ಲಿ ಸರಿ, ಏರಿನಲ್ಲಿ ಪೂರ್ತಿ ಒತ್ತಿದಾಗ ಜರ್ಕ್, ತೇವದಲ್ಲಿ ಜಾಸ್ತಿ. ಗಾಳಿಯ ಒತ್ತಡ ಹೆಚ್ಚಾದಷ್ಟೂ ಅದನ್ನು ಸೀಳಿಕೊಂಡು ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲಾದ ಥ್ರಾಟಲ್ ಮುಚ್ಚಿರುತ್ತದೆ, ಸಿಲಿಂಡರಿಗೆ ಬರುವ ಗಾಳಿಯೇ ಸ್ವಲ್ಪ, ಆದ್ದರಿಂದ ಕಿಡಿಗೆ ಕಷ್ಟವಿಲ್ಲ. ಮೇಲಿನ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ, ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರ್ ಗಾಳಿಯಿಂದ ತುಂಬಿ ಒತ್ತಡ ಏರುತ್ತದೆ. ಕರೆಂಟಿನ ದಾರಿಯಲ್ಲಿ ಎಲ್ಲೇ ದುರ್ಬಲ ಜಾಗವಿದ್ದರೂ ಅದು ಬಯಲಾಗುವುದು ಆ ಹೊತ್ತಿನಲ್ಲೇ. ಇದೇ ಮಿಸ್ಸಿಂಗ್ ಐಡ್ಲಿಂಗ್‌ನಲ್ಲಿ ಮಾತ್ರ ಬಂದು ಏರಿನಲ್ಲಿ ಮಾಯವಾಗುತ್ತಿದ್ದರೆ ನಾನು ಪ್ಲಗ್ ವೈರಿನ ಮಾತೇ ಎತ್ತುತ್ತಿರಲಿಲ್ಲ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೋ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪನ್ನೋ ನೋಡಲು ಹೇಳುತ್ತಿದ್ದೆ.

ಹೆಚ್ಚು ವೋಲ್ಟೇಜಿನ ಕಾಯಿಲ್ ಎಂಬ ಮಾತಿಗೆ ಬರುತ್ತೇನೆ. ಬಹಳ ಜನ ಇಲ್ಲೇ ಎಡವುತ್ತಾರೆ. ಕೆರೆ ಎಷ್ಟೇ ದೊಡ್ಡದಿರಲಿ, ನೀರು ಕೋಡಿಯ ಎತ್ತರದವರೆಗೆ ಮಾತ್ರ ಏರುತ್ತದೆ. ಅಲ್ಲಿ ಮುಟ್ಟಿದ ಮೇಲೆ ಹರಿದುಹೋಗುತ್ತದೆ. ಕಾಯಿಲ್‌ನ ವೋಲ್ಟೇಜೂ ಹಾಗೆಯೇ. ಪ್ಲಗ್‌ನ ಗ್ಯಾಪ್ (ನಡುಕಡ್ಡಿಗೂ ಹೊರಗಿನ ಕೊಕ್ಕೆಗೂ ನಡುವಿನ ಸಂದು) ದಾಟಲು 15 ಸಾವಿರ ವೋಲ್ಟ್ ಸಾಕಾದರೆ ವೋಲ್ಟೇಜ್ 15 ಸಾವಿರಕ್ಕೆ ಏರುತ್ತದೆ, ಕಿಡಿ ಹಾರುತ್ತದೆ, ಅಲ್ಲಿಗೆ ಏರಿಕೆ ಮುಗಿಯಿತು. ಡಬ್ಬಿಯ ಮೇಲೆ 60 ಸಾವಿರ ಎಂದು ಬರೆದಿದ್ದರೂ ನಿಮ್ಮ ಪ್ಲಗ್ ಅಷ್ಟನ್ನು ಕೇಳುವುದೇ ಇಲ್ಲ. ಈಗ ನಿಮ್ಮ ಕಾರಿನಲ್ಲಿ ಆಗುತ್ತಿರುವುದು ಏನೆಂದರೆ, ಕೆರೆಯ ಏರಿಯಲ್ಲಿ ಕೋಡಿಗಿಂತ ಕೆಳಗೆ ಇಲಿ ಬಿಲ ಕೊರೆದಿದೆ. ನೀರು ಕೋಡಿಗೆ ಮುಟ್ಟುವ ಮೊದಲೇ ಬಿಲದಲ್ಲಿ ಸೋರಿಹೋಗುತ್ತಿದೆ. ಅಂಥ ಕೆರೆಗೆ ಇನ್ನಷ್ಟು ನೀರು ಬಿಟ್ಟರೆ ಬಿಲ ದೊಡ್ಡದಾಗುತ್ತದೆ, ಅಷ್ಟೇ. ಸೋರುವ ವೈರಿನ ಹಿಂದೆ ಬಲವಾದ ಕಾಯಿಲ್ ಕೂರಿಸಿದರೆ ಆಗುವುದೂ ಅದೇ.

ಇರಿಡಿಯಂ ಪ್ಲಗ್ ಹದಿನೈದು ದಿನ ಕೆಲಸ ಮಾಡಿದ್ದೇಕೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಹಳೆಯ ಪ್ಲಗ್‌ನ ಗ್ಯಾಪ್ ಸವೆದು ಅಗಲವಾಗಿತ್ತು, ಅಂದರೆ ಕೋಡಿ ಎತ್ತರವಾಗಿತ್ತು. ಹೊಸ ಪ್ಲಗ್‌ನ ಗ್ಯಾಪ್ ಸರಿಯಾಗಿತ್ತು. ಜೊತೆಗೆ ಇರಿಡಿಯಂನ ನಡುಕಡ್ಡಿ 0.4 ಅಥವಾ 0.6 ಮಿಲಿಮೀಟರಿನಷ್ಟು ಸಣ್ಣ, ಸಾದಾ ನಿಕಲ್ ಪ್ಲಗ್‌ನದು ಸುಮಾರು 2.5 ಮಿಲಿಮೀಟರ್. ಚೂಪಾದ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ. ಹೀಗೆ ಕೋಡಿ ಬಿಲಕ್ಕಿಂತ ಕೆಳಗಿಳಿಯಿತು, ಕಾರು ಸರಿಯಾದಂತೆ ಕಂಡಿತು. ಬಿಲ ಮಾತ್ರ ಅಲ್ಲೇ ಇತ್ತು. ದಿನ ಕಳೆದಂತೆ ಅದು ಇನ್ನಷ್ಟು ತೆರೆದುಕೊಂಡು ಮೊದಲಿನ ಸ್ಥಿತಿಗೆ ತಂದು ನಿಲ್ಲಿಸಿದೆ.

ಇನ್ನು ರಾತ್ರಿಯ ಪರೀಕ್ಷೆ. ನನ್ನ ಅಪ್ಪ ಆಟೊ ಎಲೆಕ್ಟ್ರಿಷಿಯನ್. ಮಿಸ್ಸಿಂಗ್ ಎಂದು ಬಂದ ಕಾರನ್ನು ಹಗಲು ಮುಟ್ಟುತ್ತಲೇ ಇರಲಿಲ್ಲ. ಕತ್ತಲಾದ ಮೇಲೆ ಶೆಡ್ಡಿನ ದೀಪ ಆರಿಸಿ, ಎಂಜಿನ್ ಚಾಲೂ ಮಾಡಿಸಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾನೆಟ್ ಒಳಗೆ ನೋಡುತ್ತಿದ್ದರು. ಹಾಳಾದ ವೈರಿನ ಸುತ್ತ ನೀಲಿ ಬೆಳಕು ತೆವಳುತ್ತದೆ, ಕೆಲವೊಮ್ಮೆ ಚಿಟಿ ಚಿಟಿ ಸದ್ದೂ ಕೇಳುತ್ತದೆ. ಹನ್ನೊಂದು ವರ್ಷದವಳಿದ್ದಾಗ ಮೊದಲ ಸಲ ಕಂಡ ಆ ನೀಲಿಯನ್ನು ಇವತ್ತಿಗೂ ಮರೆತಿಲ್ಲ. ನೀವೂ ಹಾಗೆ ನೋಡಿ. ಏನೂ ಕಾಣದಿದ್ದರೆ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನಂತೆ ನೀರು ಹಾಯಿಸಿ ಮತ್ತೆ ನೋಡಿ. ಕೈ, ಉಂಗುರ, ಬಳೆ, ಸಡಿಲ ಬಟ್ಟೆ ಯಾವುದೂ ಎಂಜಿನ್ ಹತ್ತಿರ ಹೋಗಬಾರದು. ಓಡುವ ಎಂಜಿನ್‌ನ ಪ್ಲಗ್ ವೈರನ್ನು ಕೈಯಲ್ಲಿ ಎಳೆದು ನೋಡುವ ಹಳೆಯ ಅಭ್ಯಾಸವೂ ಬೇಡ. ಬಿಚ್ಚಿದ ವೈರಿನ ಕರೆಂಟ್ ಹೋಗಲು ದಾರಿಯಿಲ್ಲದೆ ಕಾಯಿಲ್‌ನ ಒಳಗೇ ಸುಟ್ಟುಕೊಂಡು ಹೋಗಬಹುದು. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಬೇಕಾದರೆ ಇಂಜೆಕ್ಟರಿನ ಕಪ್ಲರನ್ನು ಒಂದೊಂದಾಗಿ ಬಿಚ್ಚಿ. ಬಿಚ್ಚಿದಾಗ ಎಂಜಿನ್ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ ಎಂದು ಅರ್ಥ.

ಬೆಳಗ್ಗೆ ಪ್ಲಗ್‌ಗಳನ್ನು ಬಿಚ್ಚಿ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ತುದಿಯಿಂದ ಕೆಳಗಿನ ಲೋಹದವರೆಗೆ ಪೆನ್ಸಿಲ್ಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ ಇದೆಯೇ? ಇದ್ದರೆ ಕಿಡಿ ಒಳಗೆ ಹೋಗದೆ ಹೊರಮೈಯಲ್ಲೇ ಇಳಿದು ಎಂಜಿನ್ನಿನ ಲೋಹಕ್ಕೆ ಸೇರುತ್ತಿತ್ತು. ಅದೇ ಗೆರೆಯ ಜೋಡಿ ಪ್ಲಗ್ ಕ್ಯಾಪಿನ ರಬ್ಬರಿನ ಒಳಗೂ ಇರುತ್ತದೆ. ಇದಕ್ಕಾಗಿಯೇ ಪ್ಲಗ್ ಮತ್ತು ವೈರನ್ನು ಒಟ್ಟಿಗೆ ಬದಲಿಸಿ ಎನ್ನುವುದು. ಗೆರೆ ಬಿದ್ದ ಕ್ಯಾಪಿಗೆ ಹೊಸ ಪ್ಲಗ್ ಕೊಟ್ಟರೆ ಕೆಲವೇ ದಿನದಲ್ಲಿ ಹೊಸ ಪಿಂಗಾಣಿಯ ಮೇಲೂ ಗೆರೆ ಮೂಡುತ್ತದೆ. ಗೆರೆ ಬಿದ್ದ ಪ್ಲಗ್‌ಗೆ ಹೊಸ ವೈರ್ ಕೊಟ್ಟರೆ ಹೊಸ ವೈರ್ ಕೆಡುತ್ತದೆ. ನಿಮ್ಮ ಇರಿಡಿಯಂ ಪ್ಲಗ್‌ಗಳನ್ನೂ ಹೀಗೆ ನೋಡಿ. ಗೆರೆ ಇದ್ದರೆ, ಎರಡೇ ತಿಂಗಳ ಹಳೆಯದಾದರೂ, ಅವನ್ನು ಬಿಡಲೇಬೇಕು. ಲೋಹದ ಅಂಚಿಗೆ ಹೊಂದಿಕೊಂಡು ಸುತ್ತಲೂ ಬಳೆಯಂತೆ ಕಂದು ಬಣ್ಣ ಕೂತಿದ್ದರೆ ಹೆದರಬೇಡಿ. ಹೆಚ್ಚು ವೋಲ್ಟೇಜಿಗೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು, ಒಳಗಿನಿಂದ ಗ್ಯಾಸ್ ಸೋರಿದ್ದಲ್ಲ.

ಪ್ಲಗ್ ಕೂರುವ ಬಾವಿಯಲ್ಲಿ ಎಣ್ಣೆ ನಿಂತಿದೆಯೇ ಎಂದೂ ನೋಡಿ. ಈ ಎಂಜಿನ್‌ನಲ್ಲಿ ಪ್ಲಗ್‌ಗಳು ವಾಲ್ವ್ ತೆರೆಯುವ ಎರಡು ಕ್ಯಾಮ್‌ಗಳ ನಡುವಿನ ಆಳದಲ್ಲಿವೆ. ಕ್ಯಾಮ್ ಕವರಿನ ಗ್ಯಾಸ್ಕೆಟ್ ಗಟ್ಟಿಯಾದರೆ ಎಂಜಿನ್ ಆಯಿಲ್ ಅಲ್ಲಿಗೆ ಇಳಿಯುತ್ತದೆ, ಕ್ಯಾಪಿನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ಕಂಡರೆ ಮೊದಲು ಗ್ಯಾಸ್ಕೆಟ್, ಆಮೇಲೆ ವೈರ್. ಕ್ರಮ ತಪ್ಪಿದರೆ ಹೊಸ ವೈರೂ ಆ ಎಣ್ಣೆಯಲ್ಲೇ ನೆನೆಯುತ್ತದೆ.

ಈಗ ಆಯ್ಕೆ. ಪ್ಲಗ್‌ಗೆ ಎನ್‌ಜಿಕೆ ಕಂಪನಿಯ ಬಿಕೆಆರ್6ಇ-11 ಸಾಕು, ನಿಧಾನವಾಗಿ ಓಡಿಸುವುದೇ ಹೆಚ್ಚಾದರೆ ಬಿಕೆಆರ್5ಇ-11. ಆ ಅಕ್ಷರಗಳನ್ನು ಓದಲು ಕಲಿತರೆ ಕೌಂಟರಿನಲ್ಲಿ ಯಾರೂ ನಿಮಗೆ ಬೇರೆಯದನ್ನು ದಾಟಿಸಲಾರರು. ಬಿಕೆ ಎಂದರೆ 14 ಮಿಲಿಮೀಟರ್ ಮರೆ (ತಿರುಪಿನ ಗೆರೆಗಳಿರುವ ಭಾಗ), 16ರ ಪ್ಲಗ್ ಪಾನಾ. ಆರ್ ಎಂದರೆ ಒಳಗೆ ಕರೆಂಟಿಗೆ ತಡೆಯೊಡ್ಡುವ ರೆಸಿಸ್ಟರ್ ಇದೆ. 6 ಎಂಬುದು ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಕಾವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದರ ಗುರುತು. ಇ ಎಂದರೆ ಮರೆಯ ಉದ್ದ 19 ಮಿಲಿಮೀಟರ್. ಕೊನೆಯ 11 ಎಂದರೆ ಗ್ಯಾಪ್ 1.1 ಮಿಲಿಮೀಟರ್. ಈ ಆರ್ ಅಕ್ಷರವನ್ನು ಬಿಡಬೇಡಿ. ರೆಸಿಸ್ಟರ್ ಇಲ್ಲದಿದ್ದರೆ ಕಿಡಿ ಜೋರಾಗುತ್ತದೆ ಎಂದು ಯಾರಾದರೂ ಹೇಳಿಯಾರು. ಅದಿಲ್ಲದಿದ್ದರೆ ಪ್ರತಿ ಕಿಡಿಯೂ ಸಣ್ಣ ರೇಡಿಯೊ ಸ್ಟೇಷನ್ನಿನಂತೆ ಗಲಾಟೆ ಎಬ್ಬಿಸುತ್ತದೆ. ಸೆನ್ಸರ್ ಕಳಿಸುವ ಸಿಗ್ನಲ್‌ನಲ್ಲಿ ಆ ಗಲಾಟೆ ಬೆರೆತರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ತಪ್ಪು ಲೆಕ್ಕ ಹಾಕಬಹುದು. ಒಂದು ಮಿಸ್ಸಿಂಗ್ ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ.

ಇರಿಡಿಯಂ ಕೆಟ್ಟದ್ದಲ್ಲ. ಬೇಗ ಸವೆಯುವುದಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ನಿಮ್ಮ ಕಾರಿನ ಇಗ್ನಿಷನ್ ವೇಸ್ಟೆಡ್ ಸ್ಪಾರ್ಕ್ ಜಾತಿಯದು, ಒಂದು ಕಾಯಿಲ್ ಎರಡು ಪ್ಲಗ್‌ಗೆ ಒಟ್ಟಿಗೆ ಕರೆಂಟ್ ಕೊಡುತ್ತದೆ. 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯ ಒಂದು ಪ್ಲಗ್‌ನಲ್ಲಿ ಕಿಡಿ ನಡುಕಡ್ಡಿಯಿಂದ ಹೊರಗಿನ ಕೊಕ್ಕೆಗೆ ಹಾರಿದರೆ ಇನ್ನೊಂದರಲ್ಲಿ ಕೊಕ್ಕೆಯಿಂದ ನಡುಕಡ್ಡಿಗೆ. ಹಾಗಾಗಿ ಎರಡು ಪ್ಲಗ್‌ನಲ್ಲಿ ಸವೆಯುವುದು ಕೊಕ್ಕೆ, ಎರಡರಲ್ಲಿ ನಡುಕಡ್ಡಿ. ನಡುಕಡ್ಡಿಗೆ ಮಾತ್ರ ದುಬಾರಿ ಲೋಹ ಹಾಕಿ ಕೊಕ್ಕೆಗೆ ಸಾದಾ ನಿಕಲ್ ಬಿಟ್ಟ ಪ್ಲಗ್ ಇಲ್ಲಿ ಅರ್ಧ ಮಾತ್ರ ಲಾಭ ಕೊಡುತ್ತದೆ. ಎರಡೂ ಕಡೆ ದುಬಾರಿ ಲೋಹವಿರುವ ಪ್ಲಗ್ ಸಿಕ್ಕರೆ ಹಾಕಿ. ಇಲ್ಲವಾದರೆ ನಿಕಲ್ ಪ್ಲಗ್ ಹಾಕಿ, ಆಗಾಗ ಬಿಚ್ಚಿ ಫೀಲರ್ ಗೇಜಿನಲ್ಲಿ ಗ್ಯಾಪ್ ನೋಡುತ್ತಿರಿ. ನಾನು ಮಾಡುವುದು ಇದನ್ನೇ.

ವೈರಿಗೆ ಬಂದರೆ, 10 ಮಿಲಿಮೀಟರ್ ದಪ್ಪ ಎನ್ನುವುದು ಹೊದಿಕೆ ಸೇರಿದ ದಪ್ಪ. ಒಳಗೆ ಕರೆಂಟ್ ಹೋಗುವ ಎಳೆ ಅದರಿಂದ ದಪ್ಪವಾಗುವುದಿಲ್ಲ. ಈ ಎಂಜಿನ್‌ನಲ್ಲಿ ವೈರುಗಳು ಕ್ಯಾಮ್ ಕವರಿನ ನಡುವಿನ ಹಳ್ಳದಲ್ಲಿ ಮಲಗಿ ಹಿಂದಿರುವ ಕಾಯಿಲ್‌ವರೆಗೆ ಹೋಗಬೇಕು. ದಪ್ಪ ವೈರ್ ಕ್ಲಿಪ್ಪಿನಲ್ಲಿ ಕೂರದೆ ಒಂದನ್ನೊಂದು ಉಜ್ಜುತ್ತದೆ. ಒಳಗೆ ಬರಿಯ ತಾಮ್ರದ ತಂತಿ ಇರುವ ಸೆಟ್ಟನ್ನೂ ಬಿಡಿ, ಆರ್ ಅಕ್ಷರಕ್ಕೆ ಹೇಳಿದ ಕಾರಣವೇ ಇದಕ್ಕೂ. ಕಾರ್ಬನ್ ಎಳೆಯದ್ದೋ ಸುರುಳಿ ಸುತ್ತಿದ ಎಳೆಯದ್ದೋ ಆಗಲಿ, ಸಿಲಿಕೋನ್ ಹೊದಿಕೆಯಿರಲಿ, ನಿಮ್ಮ ಎಂಜಿನ್‌ಗೆಂದೇ ಅಳತೆ ಮಾಡಿದ ಸೆಟ್ ಆಗಿರಲಿ.

ಅಳತೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಹತ್ತಿರವೂ ಇದೇ 1.6 ಇದೆ, 1991ರದ್ದು. ಆರು ವರ್ಷದ ಹಿಂದೆ ಚೆಂದದ ಕೆಂಪು ಬಣ್ಣದ ಸೆಟ್ಟೊಂದನ್ನು ಹಾಕಿದೆ. ಒಂದನೇ ಸಿಲಿಂಡರ್ ಮುಂದಿದೆ, ಕಾಯಿಲ್ ಹಿಂದಿದೆ, ಆದ್ದರಿಂದ ಒಂದನೇ ವೈರೇ ಎಲ್ಲಕ್ಕಿಂತ ಉದ್ದವಿರಬೇಕು. ಆ ಸೆಟ್ಟಿನಲ್ಲಿ ಅದು ಎರಡು ಬೆರಳು ಗಿಡ್ಡ. ಎಳೆದು ಕೂರಿಸಿದೆ, ಕೂತಂತೆ ಕಂಡಿತು. ಎಂಜಿನ್ ಅಲುಗಾಟಕ್ಕೆ ಕಾಯಿಲ್‌ನ ತುದಿಯಲ್ಲಿ ಅದು ಕೂದಲೆಳೆಯಷ್ಟು ಮೇಲೆದ್ದಿದೆ. ಆ ಸಂದಿನಲ್ಲಿ ದಿನವೂ ಕಿಡಿ ಹಾರಿ ಕಾಯಿಲ್‌ನ ಹಿತ್ತಾಳೆ ತುದಿ ತಿಂದುಹೋಗಿ ಹಸಿರು ಪುಡಿಯಾಯಿತು. ಚೆನ್ನಾಗಿದ್ದ ಕಾಯಿಲ್ ಗಿಡ್ಡ ವೈರಿನಿಂದ ಸತ್ತಿತು. ಅಂದಿನಿಂದ ಹೊಸ ಸೆಟ್ ಬಂದಾಗ ಹಳೆಯ ವೈರಿನ ಪಕ್ಕ ಮಲಗಿಸಿ ಒಂದೊಂದನ್ನೂ ಅಳೆಯುತ್ತೇನೆ. ಮಲ್ಟಿಮೀಟರಿನಲ್ಲಿ ಓಮ್ ನೋಡುತ್ತೇನೆ. ಉದ್ದಕ್ಕೆ ತಕ್ಕಂತೆ ಓಮ್ ಇಳಿಯುತ್ತಾ ಬರಬೇಕು, ಯಾವುದಾದರೂ ಒಂದು ಮಾತ್ರ ವಿಪರೀತ ಹೆಚ್ಚು ತೋರಿಸಿದರೆ ಆ ಸೆಟ್ ವಾಪಸ್. ಓಮ್ ಸರಿಯಿದ್ದ ಮಾತ್ರಕ್ಕೆ ಹಳೆಯ ವೈರ್ ಒಳ್ಳೆಯದು ಎಂದುಕೊಳ್ಳಬೇಡಿ. ಒಳಗಿನ ಎಳೆ ಸರಿಯಿದ್ದು ಹೊದಿಕೆ ಸೋರುತ್ತಿದ್ದರೆ ಮೀಟರಿಗೆ ಅದು ಗೊತ್ತಾಗುವುದಿಲ್ಲ.

ಕೂರಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಲಿ. ಬಾವಿಯ ಕಸವನ್ನು ಗಾಳಿ ಹಾಯಿಸಿ ತೆಗೆದ ಮೇಲೆಯೇ ಹಳೆಯ ಪ್ಲಗ್ ಬಿಚ್ಚಿ. ಹೊಸದನ್ನು ಬೆರಳಲ್ಲೇ ತಿರುಗಿಸಿ ತಳ ಮುಟ್ಟಿಸಿ, ಟಾರ್ಕ್ ರೆಂಚ್ ಇದ್ದರೆ 25ರಿಂದ 30 ನ್ಯೂಟನ್ ಮೀಟರ್, ಇಲ್ಲದಿದ್ದರೆ ತಳ ಮುಟ್ಟಿದ ಮೇಲೆ ಇನ್ನು ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ. ಮರೆಗೆ ಗ್ರೀಸ್ ಹಚ್ಚಬೇಡಿ, ಜಾರಿಕೊಂಡು ಹೆಚ್ಚು ಬಿಗಿಯಾಗಿ ಅಲ್ಯೂಮಿನಿಯಂ ಹೆಡ್‌ನ ಮರೆ ಕಿತ್ತುಬರುವ ಅಪಾಯವಿದೆ. ಕ್ಯಾಪಿನ ರಬ್ಬರಿನ ಒಳಬಾಯಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಒಳ್ಳೆಯದು.

ಇಷ್ಟಾದ ಮೇಲೂ ಮಿಸ್ಸಿಂಗ್ ಉಳಿದು, 1 ಮತ್ತು 4 ಎರಡೂ, ಅಥವಾ 2 ಮತ್ತು 3 ಎರಡೂ ಒಟ್ಟಿಗೆ ಕೈಕೊಟ್ಟರೆ ಆಗ ಕಾಯಿಲ್ ಕಡೆ ತಿರುಗಿ. ನಿಮ್ಮ 1.6ರಲ್ಲಿ ಕಾಯಿಲ್‌ಗೆ ಕರೆಂಟ್ ಬಿಟ್ಟು ಕಡಿಯುವ ಇಗ್ನೈಟರ್ ಬೇರೆಯೇ ಇದೆ, ಅದನ್ನೂ ನೋಡಿಸಿ. 1994ರ ನಂತರದ 1.8ರ ಕಾಯಿಲ್‌ನಲ್ಲಿ ಅದು ಒಳಗೇ ಇರುತ್ತದೆ. ನೋಡಲು ಅಣ್ಣತಮ್ಮಂದಿರಂತಿದ್ದರೂ ಅದು ನಿಮಗೆ ಹೊಂದುವುದಿಲ್ಲ.

ಪ್ರಶ್ನೆ: ಟರ್ಬೊ ಕಾರು, 2 ಲೀಟರ್, ಪ್ರತಿ ಪ್ಲಗ್‌ನ ಮೇಲೆ ಒಂದೊಂದು ಕಾಯಿಲ್. ಇಸಿಯು ಟ್ಯೂನ್ ಮಾಡಿಸಿ ಬೂಸ್ಟ್ ಏರಿಸಿದ ಮೇಲೆ 4000 ಆರ್‌ಪಿಎಂ ಹತ್ತಿರ ಪೂರ್ತಿ ಒತ್ತಿದರೆ ತಡವರಿಸುತ್ತದೆ. ನಾಲ್ಕೂ ಕಾಯಿಲ್ ಬದಲಿಸಬೇಕೆ?

ಉತ್ತರ: ಮೊದಲು ಪ್ಲಗ್‌ನ ಗ್ಯಾಪ್ ಕಡಿಮೆ ಮಾಡಿ. ಬೂಸ್ಟ್, ಅಂದರೆ ಟರ್ಬೊ ಒಳಗೆ ತಳ್ಳುವ ಗಾಳಿ, ಏರಿಸಿದಿರಿ, ಸಿಲಿಂಡರಿನ ಒತ್ತಡ ಏರಿತು, ಮೇಲೆ ಹೇಳಿದ ಕೋಡಿಯೂ ಎತ್ತರವಾಯಿತು. ಕೋಡಿ ಇಳಿಸುವ ದಾರಿ ಎಂದರೆ ಗ್ಯಾಪ್. 1.1 ಇದ್ದರೆ 0.8ಕ್ಕೋ 0.7ಕ್ಕೋ ತನ್ನಿ. ಕೊಕ್ಕೆಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿ, ಇರಿಡಿಯಂನ ಸಣ್ಣ ತುದಿಗೆ ಯಾವ ಉಪಕರಣವನ್ನೂ ತಾಗಿಸಬೇಡಿ, ಮುರಿಯುತ್ತದೆ. ಬೇಕಾದ ಗ್ಯಾಪಿನಲ್ಲೇ ಬರುವ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು.

ಜೊತೆಗೆ ಒಂದು ಹೆಜ್ಜೆ ತಣ್ಣನೆಯ ಪ್ಲಗ್ ಬೇಕಾಗಬಹುದು. ಟ್ಯೂನ್ ಮಾಡಿದವರನ್ನೇ ಕೇಳಿ. ಪ್ಲಗ್‌ನ ತುದಿ ಸುಮಾರು 450 ಡಿಗ್ರಿಗಿಂತ ಕೆಳಗಿದ್ದರೆ ಮಸಿ ಸುಟ್ಟುಹೋಗದೆ ಕೂರುತ್ತದೆ, 850 ಡಿಗ್ರಿ ದಾಟಿದರೆ ಕಿಡಿ ಬರುವ ಮೊದಲೇ ಅದರ ಕಾವಿಗೆ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ನಡುವಿನ ಹದದಲ್ಲಿ ಇಡುವುದೇ ಹೀಟ್ ರೇಂಜಿನ ಕೆಲಸ. ಎರಡು ಮೂರು ಹೆಜ್ಜೆ ತಣ್ಣಗೆ ಹೋದರೆ ಊರೊಳಗಿನ ನಿಧಾನ ಓಡಾಟದಲ್ಲಿ ಮಸಿ ಹಿಡಿದು ಮತ್ತೆ ಮಿಸ್ಸಿಂಗ್. ನಂಬರ್ ನೋಡುವಾಗ ಎಚ್ಚರ. ಎನ್‌ಜಿಕೆಯಲ್ಲಿ 7ಕ್ಕಿಂತ 8 ತಣ್ಣಗಿನದು. ಡೆನ್ಸೊದಲ್ಲಿ ಅದೇ ಜೋಡಿ 22 ಮತ್ತು 24. ಬಾಷ್‌ನಲ್ಲಿ ತಿರುಗುಮುರುಗು, ನಂಬರ್ ದೊಡ್ಡದಾದಷ್ಟೂ ಪ್ಲಗ್ ಬಿಸಿ. ಕಂಪನಿ ಬದಲಿಸಿ ನಂಬರ್ ಮಾತ್ರ ಏರಿಸಿದವರು ಪಿಸ್ಟನ್ ಕಳೆದುಕೊಂಡದ್ದನ್ನು ಕಂಡಿದ್ದೇನೆ.

ಗ್ಯಾಪ್ ಇಳಿಸಿದರೂ ಹೋಗದಿದ್ದರೆ ಸ್ಕ್ಯಾನರ್ ಹಾಕಿ. ಪಿ0302 ಎಂಬ ಕೋಡ್ ಬಂದರೆ ಮಿಸ್ಸಿಂಗ್ ಎರಡನೇ ಸಿಲಿಂಡರಿನದು. ಅದರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲೆ ಕಾಯಿಲ್‌ನ ಜೊತೆ ಹೋಯಿತು, ಆ ಒಂದನ್ನು ಬದಲಿಸಿ. ಪಿ0302 ಅಲ್ಲೇ ಉಳಿದರೆ ಕಾಯಿಲ್ ನಿರಪರಾಧಿ.

ಪ್ರಶ್ನೆ: ನನ್ನದು ಮಜ್ದಾ ಆರ್‌ಎಕ್ಸ್-8. ಬಿಸಿಯಾದ ಮೇಲೆ 6000 ಆರ್‌ಪಿಎಂ ದಾಟಿದರೆ ಮಿಸ್ಸಿಂಗ್, ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಕಡಿಮೆ ಬೆಲೆಯ ನಾಲ್ಕು ಕಾಯಿಲ್ ಹಾಕಿಸಿದೆ, ಮೂರು ತಿಂಗಳಿಗೆ ಮತ್ತೆ ಶುರು. ಪ್ಲಗ್ ನಾಲ್ಕೂ ಒಂದೇ ನಂಬರಿನದು ಹಾಕಿದರೆ ನಡೆಯುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ನಡೆಯುವುದಿಲ್ಲ. ನಿಮ್ಮದು ರೋಟರಿ ಎಂಜಿನ್, ಪಿಸ್ಟನ್ ಬದಲು ಒಳಗೆ ಮೂರು ಮುಖದ ರೋಟರುಗಳು ತಿರುಗುತ್ತವೆ. ಪ್ರತಿ ರೋಟರಿಗೆ ಕೆಳಗೊಂದು ಲೀಡಿಂಗ್ ಪ್ಲಗ್, ಮೇಲೊಂದು ಟ್ರೇಲಿಂಗ್ ಪ್ಲಗ್. ಲೀಡಿಂಗ್‌ಗೆ ಎನ್‌ಜಿಕೆ 7ರ ಶಾಖ, ಟ್ರೇಲಿಂಗ್‌ಗೆ ತಣ್ಣಗಿನ 9. ರೋಟರಿನ ತುದಿಯ ಸೀಲ್ ಟ್ರೇಲಿಂಗ್ ಪ್ಲಗ್‌ನ ತೂತಿನ ಮೇಲೆ ಹಾದುಹೋಗುವಾಗ ಎರಡೂ ಪಕ್ಕದ ಒತ್ತಡದಲ್ಲಿ ದೊಡ್ಡ ವ್ಯತ್ಯಾಸವಿರುತ್ತದೆ, ತೂತು ದೊಡ್ಡದಿದ್ದರೆ ಗ್ಯಾಸ್ ಅತ್ತಿಂದಿತ್ತ ಸೋರುತ್ತದೆ. ಅದಕ್ಕೇ ಆ ತೂತನ್ನು ಚಿಕ್ಕದಾಗಿಟ್ಟಿದ್ದಾರೆ, ಪ್ಲಗ್ಗೂ ಅದಕ್ಕೆ ತಕ್ಕಂತೆ ಬೇರೆ. ಡಬ್ಬಿಯ ಮೇಲಿನ ನಂಬರಿನ ಕೊನೆಗೆ ಎಲ್ ಎಂದಿದ್ದರೆ ಲೀಡಿಂಗ್, ಟಿ ಎಂದಿದ್ದರೆ ಟ್ರೇಲಿಂಗ್.

ಕಾಯಿಲ್ ಯಾಕೆ ಬೇಗ ಸಾಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಒಂದೊಂದು ಪ್ಲಗ್‌ಗೆ ಒಂದೊಂದು ಕಾಯಿಲ್ ಇರುವ ಸಾಮಾನ್ಯ ಪಿಸ್ಟನ್ ಎಂಜಿನ್‌ನಲ್ಲಿ ಎರಡು ಸುತ್ತಿಗೊಂದು ಕಿಡಿ. ನಿಮ್ಮದರಲ್ಲಿ ಶಾಫ್ಟಿನ ಪ್ರತಿ ಸುತ್ತಿಗೂ ಒಂದು. 9000 ಆರ್‌ಪಿಎಂನಲ್ಲಿ ಸೆಕೆಂಡಿಗೆ 150 ಸಲ. ಎರಡು ಕಿಡಿಗಳ ನಡುವೆ 7 ಮಿಲಿಸೆಕೆಂಡೂ ಸಿಗುವುದಿಲ್ಲ, ಅಷ್ಟರಲ್ಲೇ ಕಾಯಿಲ್ ಮತ್ತೆ ತುಂಬಿಕೊಳ್ಳಬೇಕು. ಒಳಗೆ ತೆಳುವಾದ ತಂತಿ, ಕಳಪೆ ಅಂಟು ತುಂಬಿದ ಕಾಯಿಲ್ ಈ ಕಾವನ್ನು ತಾಳುವುದಿಲ್ಲ. ಬೇರೆ ಕಾರಿಗೆ ಕಡಿಮೆ ಬೆಲೆಯ ಪಾರ್ಟ್ ಹಾಕಿ ಬಚಾವಾಗಬಹುದು, ಇದಕ್ಕೆ ಆಗುವುದಿಲ್ಲ. ಕಂಪನಿಯ ಈಚಿನ ನಂಬರಿನ ಕಾಯಿಲನ್ನೇ ಹಾಕಿಸಿ. ನಾಲ್ಕು ಕಾಯಿಲ್, ನಾಲ್ಕು ಪ್ಲಗ್, ನಾಲ್ಕು ವೈರ್ ಒಂದೇ ಸಲ. ಮೊದಲಿನ ಕಾರಿಗೆ ಕಾಯಿಲ್ ಬೇಡ ಎಂದವಳು ಇಲ್ಲಿ ನಾಲ್ಕನ್ನೂ ಹಾಕಿಸಿ ಎನ್ನುತ್ತಿರುವುದು ಈ ಲೆಕ್ಕದಿಂದ. ಒಂದು ರೋಟರಿಗೆ ಎರಡು ಕಾಯಿಲ್ ಇರುವುದರಿಂದ ಕೋಡ್ ನೋಡಿ ಕೆಟ್ಟದ್ದು ಯಾವುದು ಎಂದು ಬೆರಳು ತೋರಿಸುವುದೂ ಸುಲಭವಲ್ಲ.

ದೀಪ ಮಿಣುಕುತ್ತಿರುವಾಗ ದಯವಿಟ್ಟು ಓಡಿಸಬೇಡಿ. ಸುಮ್ಮನೆ ಹೊತ್ತಿರುವ ದೀಪ ಬೇರೆ, ಮಿಣುಕುವ ದೀಪ ಬೇರೆ. ಸುಡದ ಪೆಟ್ರೋಲ್ ಸೈಲೆನ್ಸರಿನತ್ತ ಹೋಗಿ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಎಂದು ಅದು ಹೇಳುತ್ತಿರುವುದು. ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ದಾರಿ ಕಟ್ಟಿಕೊಂಡರೆ ಹೊಗೆ ಹೋಗಲು ಜಾಗವಿಲ್ಲದೆ ಎಂಜಿನ್ ಇನ್ನಷ್ಟು ಕಾಯುತ್ತದೆ. ಆಗ ಹೊಸ ಕಾಯಿಲ್ ಹಾಕಿದರೂ ಪಿಕಪ್ ಬರುವುದಿಲ್ಲ.

ಪಾರ್ಟ್ ತರುವ ಮೊದಲು ಒಂದು ಕೆಲಸ ಮಾಡಿ, ಬಿಸಿ ಎಂಜಿನ್‌ನಲ್ಲಿ ಕಂಪ್ರೆಷನ್ ನೋಡಿಸಿ. ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ತೋರಿಸುವ ಮೀಟರೇ ಬೇಕು, ಪಿಸ್ಟನ್ ಎಂಜಿನ್‌ನ ಗೇಜ್ ಮೂರರಲ್ಲಿ ಹೆಚ್ಚಿರುವ ಒಂದನ್ನು ಮಾತ್ರ ತೋರಿಸಿ ಸಮಾಧಾನ ಹೇಳುತ್ತದೆ. ಸೀಲ್ ಸವೆದಿದ್ದರೆ ಯಾವ ಕಾಯಿಲೂ ಅದನ್ನು ಕಾಪಾಡುವುದಿಲ್ಲ. ಅದನ್ನು ಮೊದಲೇ ತಿಳಿದುಕೊಳ್ಳುವುದು ನಿಮ್ಮ ಹಕ್ಕು.

ಪ್ರಶ್ನೆ: ಅಪ್ಪನ ಕಾಲದ ಎಂಜಿಬಿ, 1966ರ ಮಾದರಿ. ಹೊಸ ಕಾಯಿಲ್ ಹಾಕಿದೆ, ಅರ್ಧ ಗಂಟೆ ಓಡಿಸಿದರೆ ಕೈ ಇಡಲಾಗದಷ್ಟು ಸುಡುತ್ತದೆ, ಆಮೇಲೆ ಮಿಸ್ಸಿಂಗ್. ಕಾಯಿಲ್‌ನ ಕರೆಂಟ್ ಕಡಿಯುವ ಪಾಯಿಂಟ್ಸ್ ಕೂಡ ಬೇಗ ಸುಟ್ಟುಹೋಗುತ್ತಿದೆ. ಹಿಂದೆ ಯಾರೋ ಕಾರನ್ನು ಪಾಸಿಟಿವ್ ಅರ್ತ್‌ನಿಂದ (ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹಕ್ಕೆ ಸೇರಿರುವುದು) ನೆಗೆಟಿವ್ ಅರ್ತ್‌ಗೆ ಬದಲಿಸಿದ್ದಾರೆ.

ಉತ್ತರ: ಈ ಪತ್ರ ಓದಿ ಖುಷಿಯಾಯಿತು. ಇಷ್ಟು ಸರಿಯಾಗಿ ಲಕ್ಷಣ ಬರೆದವರು ಅಪರೂಪ. ನಿಮಗೆ ಕೊಟ್ಟಿರುವುದು ಬಹುಶಃ ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ರೆಸಿಸ್ಟರ್) ಜೊತೆ ಬಳಸುವ ಕಾಯಿಲ್. ಎರಡೂ ತಂತಿ ಬಿಚ್ಚಿ ಸಣ್ಣ ತುದಿಗಳ ನಡುವೆ ಓಮ್ ಅಳೆಯಿರಿ. ಸುಮಾರು 3 ಬಂದರೆ ನಿಮ್ಮ ಕಾರಿನದ್ದೇ. 1.5ರ ಹತ್ತಿರ ಬಂದರೆ ಅದು ಬ್ಯಾಲಸ್ಟ್ ರೆಸಿಸ್ಟರ್ ಇರುವ ನಂತರದ ಕಾರುಗಳದ್ದು. 12 ವೋಲ್ಟಿಗೆ 3 ಓಮ್ ಇದ್ದರೆ 4 ಆಂಪಿಯರ್, 1.5 ಇದ್ದರೆ 8 ಆಂಪಿಯರ್. ದುಪ್ಪಟ್ಟು ಕರೆಂಟ್ ಕಾಯಿಲನ್ನು ಬೇಯಿಸುತ್ತಿದೆ, ಪಾಯಿಂಟ್ಸ್ ಸುಡುತ್ತಿದೆ. ನಿಮ್ಮ ಕಾರಿಗೆ ಬ್ಯಾಲಸ್ಟ್ ಇಲ್ಲ ಎಂದು ಖಚಿತಪಡಿಸಿಕೊಳ್ಳಲು ಪಾಯಿಂಟ್ಸ್ ಮುಚ್ಚಿರುವಾಗ ಕೀ ಆನ್ ಮಾಡಿ, ಕೀ ಕಡೆಯಿಂದ ಬರುವ ತಂತಿ ಕೂತಿರುವ ಕಾಯಿಲ್ ತುದಿಯಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಷ್ಟೇ ಇದ್ದರೆ ಬ್ಯಾಲಸ್ಟ್ ಇಲ್ಲ, ಅರ್ಧದಷ್ಟಿದ್ದರೆ ಇದೆ. ನೋಡಿದ ತಕ್ಷಣ ಕೀ ಆಫ್ ಮಾಡಿ.

ಅರ್ತ್ ಬದಲಿಸಿದವರು ಕಾಯಿಲ್ ತಂತಿಯನ್ನೂ ಬದಲಿಸಿದರೇ ಎಂದು ನೋಡಬೇಕು. ಬಿಸಿಯಾದ ನಡುಕಡ್ಡಿಯಿಂದ ಎಲೆಕ್ಟ್ರಾನ್ ಸುಲಭವಾಗಿ ಹೊರಡುತ್ತದೆ, ಆದ್ದರಿಂದ ಕಿಡಿ ಅಲ್ಲಿಂದ ಹಾರುವಂತೆ ಜೋಡಿಸಿರಬೇಕು. ಉಲ್ಟಾ ಆದರೆ ಕಾರು ಓಡುತ್ತದೆ, ಆದರೆ ಪ್ಲಗ್ ಹೆಚ್ಚು ವೋಲ್ಟೇಜ್ ಕೇಳುತ್ತದೆ, ಮೇಲಿನ ಗೇರಿನಲ್ಲಿ ತಡವರಿಸುತ್ತದೆ. ಈಗಿನ ಕಾಯಿಲ್‌ಗಳಲ್ಲಿ ಪ್ಲಸ್, ಮೈನಸ್ ಗುರುತಿರುತ್ತದೆ. ನೆಗೆಟಿವ್ ಅರ್ತ್ ಕಾರಿನಲ್ಲಿ ಮೈನಸ್ ತುದಿ ಡಿಸ್ಟ್ರಿಬ್ಯೂಟರ್‌ಗೆ (ಕಿಡಿಯ ಕರೆಂಟನ್ನು ಪ್ಲಗ್‌ಗಳಿಗೆ ಹಂಚುವ ಡಬ್ಬಿ), ಪ್ಲಸ್ ಕೀ ಕಡೆಗೆ.

ಪ್ಲಗ್‌ಗೆ ಎನ್‌ಜಿಕೆ ಬಿಪಿ6ಇಎಸ್, ಗ್ಯಾಪ್ 0.6ರಿಂದ 0.65 ಮಿಲಿಮೀಟರ್, ಅದಕ್ಕಿಂತ ಅಗಲ ಬೇಡ. ಪಾಯಿಂಟ್ಸ್ ಗ್ಯಾಪ್ 0.35ರಿಂದ 0.4. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ತರುವಾಗ ಹಿತ್ತಾಳೆಯನ್ನು ಹಿಡಿದಿಡಲು ನಡುವೆ ರಿವೆಟ್ ಹೊಡೆದದ್ದನ್ನು ಬಿಟ್ಟು ರಿವೆಟ್ ಇಲ್ಲದ್ದನ್ನು ಆರಿಸಿ. ರಿವೆಟ್‌ನ ತುದಿ ಕೆಳಗಿನ ಶಾಫ್ಟಿಗೆ ಹತ್ತಿರವಾಗಿ ಪ್ಲಾಸ್ಟಿಕ್ ತೂತಾಗಿ ಕರೆಂಟ್ ಅಲ್ಲೇ ಇಳಿದುಹೋಗುವುದನ್ನು ಹಲವು ಸಲ ಕಂಡಿದ್ದೇನೆ, ಅದೂ ಹೊಚ್ಚಹೊಸ ರೋಟರಿನಲ್ಲಿ.

ಪಾಯಿಂಟ್ಸ್ ಸುಡದಂತೆ ಕಾಯುವ ಕಂಡೆನ್ಸರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಾಯಿಂಟ್ಸ್ ಜೊತೆ ಅದನ್ನೂ ಬದಲಿಸುವುದು ರೂಢಿ. ಇವತ್ತು ಸಿಗುವ ಹೊಸ ಕಂಡೆನ್ಸರ್‌ಗಳಲ್ಲಿ ಕೆಲವು ತಿಂಗಳು ತುಂಬುವ ಮೊದಲೇ ಕೆಡುತ್ತವೆ. ನಿಮ್ಮ ಹಳೆಯದು ಸರಿಯಾಗಿ ಕೆಲಸ ಮಾಡುತ್ತಿದ್ದರೆ ಬಿಚ್ಚಬೇಡಿ. ಬಿಚ್ಚಿಯಾಗಿದ್ದರೆ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಸಣ್ಣ ಸ್ಕ್ರೂಡ್ರೈವರಿನ ಜೊತೆ ಡಿಕ್ಕಿಯಲ್ಲಿ ಇಟ್ಟಿರಿ.